ಘಾಟಿನ ರಿಯಾಯಿತಿ

ಡಾಕ್ಟರ ಹತ್ತಿರ ಹೋಗಬೇಕೋ ಬೇಡವೋ ಎಂಬುದನ್ನು ತೂಗಿ ಹೇಳುವ ಪೆಟ್ಟಿಗೆಯೊಂದು ಮನೆಮನೆಯ ಗೋಡೆಗೆ ಬಂದು ಕೂತರೆ ಜನ ಏನು ಮಾಡಿಯಾರು? ಬ್ಯಾಡಗಿಯ ಜನ ಮೊದಮೊದಲು ಅದನ್ನು ಅನುಮಾನದಿಂದ ನೋಡಿದರು, ಆಮೇಲೆ ಅದಕ್ಕೆ ಕುಂಕುಮ ಹಚ್ಚಿದರು, ಕೊನೆಗೆ ಅದರ ಮಾತಿಗೆ ಎದುರಾಡುವುದನ್ನೇ ಬಿಟ್ಟುಬಿಟ್ಟರು. ಮಗಳ ಮದುವೆಯ ವಿಷಯದಲ್ಲಿ ಬೀಗರ ಮಾತನ್ನೂ ಕೇಳದ ಗಟ್ಟಿ ಕುಳಗಳು ಕೂಡ ನೆಗಡಿಯಾದರೆ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

ಅದರ ಹೆಸರು ತಕ್ಕಡಿ. ಶಾಲೆಯ ಪಾಟಿಯಷ್ಟು ಅಗಲ. ಬೆಳಿಗ್ಗೆ ಎದ್ದವರು ಅದರ ಕೆಳಗಿರುವ ಗಾಜಿನ ಬಿಲ್ಲೆಯ ಮೇಲೆ ಹೆಬ್ಬೆರಳು ಒತ್ತಬೇಕು. ಅಷ್ಟರಲ್ಲಿ ಅದು ನಾಡಿ, ಮೈಬಿಸಿ, ರಕ್ತದೊಳಗಿನ ಆಮ್ಲಜನಕ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಉಳಿದ ಹೊತ್ತು ಗೋಡೆಯ ಮೇಲೆ ಸುಮ್ಮನೆ ಕೂತು ಮನೆಯವರ ಕೆಮ್ಮು, ಏದುಸಿರು, ಕಾಲೆಳೆಯುವ ಸಪ್ಪಳ ಕೇಳಿಸಿಕೊಳ್ಳುತ್ತಿತ್ತು. ಡಾಕ್ಟರ ಹತ್ತಿರ ಹೋದರೆ ಸಿಗಬಹುದಾದ ಲಾಭವನ್ನೆಲ್ಲ ಒಂದು ತಟ್ಟೆಗೆ ಹಾಕುವುದು. ತಪ್ಪುವ ಕೂಲಿ, ದವಾಖಾನೆಯಲ್ಲಿ ಅಂಟಿಕೊಳ್ಳುವ ಬೇರೆ ರೋಗ, ಬೇಡದ ಪರೀಕ್ಷೆ, ಆ ಪರೀಕ್ಷೆಯ ಬಾಲ ಹಿಡಿದು ಬರುವ ಬೇಡದ ಆಪರೇಷನ್ ಇವನ್ನೆಲ್ಲ ಇನ್ನೊಂದು ತಟ್ಟೆಗೆ. ಕೊನೆಗೆ ಒಂದೇ ಮಾತು: ಹೋಗುವುದು ಒಳ್ಳೆಯದು, ಇಲ್ಲವೇ ಇರುವುದು ಒಳ್ಳೆಯದು. ಅದರ ಮಾತು ಮೀರಿ ಹೋದವರನ್ನು ದವಾಖಾನೆಯಲ್ಲಿ ಯಾರೂ ಹೊರಗೆ ಹಾಕುತ್ತಿರಲಿಲ್ಲ, ಆದರೆ ಸಾಲಿನ ತುದಿಗೆ ಕೂರಿಸುತ್ತಿದ್ದರು, ಮತ್ತು ಉಳಿದವರು ಅವರನ್ನು ಮದುವೆ ಮನೆಗೆ ಕರೆಯದೆ ಬಂದವರಂತೆ ನೋಡುತ್ತಿದ್ದರು.

ಈ ತಕ್ಕಡಿಯ ಲೆಕ್ಕ ಬರೆದವರಲ್ಲಿ ನೀಲಗಂಗಾ ಒಬ್ಬಳು. ಬ್ಯಾಡಗಿಯವಳೇ. ಹಾವೇರಿಯಲ್ಲಿದ್ದ, ತಕ್ಕಡಿಗಳನ್ನು ನಡೆಸುವ ಮಂಡಳಿಯ ನಿಯಂತ್ರಣ ಕೋಣೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮನೆಯಲ್ಲಿ ಅವಳು ಮತ್ತು ಅವ್ವ ಬಸಲಿಂಗವ್ವ, ಇಬ್ಬರೇ. ತೂಕದ ಲೆಕ್ಕವನ್ನೇ ಬದುಕು ಮಾಡಿಕೊಳ್ಳಬೇಕೆಂದು ನೀಲಗಂಗಾಗೆ ಅನಿಸಲು ಈ ಅವ್ವನೇ ಕಾರಣ. ನೀಲಗಂಗಾ ಇನ್ನೂ ಚಿಕ್ಕವಳಿದ್ದಾಗ ಬಸಲಿಂಗವ್ವ ಹೊಟ್ಟೆನೋವೆಂದು ಯಾವುದೋ ನರ್ಸಿಂಗ್ ಹೋಮಿಗೆ ಹೋಗಿದ್ದಳು. ಗರ್ಭಚೀಲ ಕೆಟ್ಟಿದೆ, ಇವತ್ತೇ ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದರು. ಗಂಡನ ಹೆಬ್ಬೆಟ್ಟು ಒತ್ತಿಸಿಕೊಂಡು ತೆಗೆದೇಬಿಟ್ಟರು. ಆಮೇಲೆ ಗೊತ್ತಾಯಿತು, ಆ ಓಣಿಯಲ್ಲಿ ಹೊಟ್ಟೆನೋವೆಂದು ಹೋದ ಹೆಂಗಸರಿಗೆಲ್ಲ ಅದೇ ಮಾತು ಹೇಳಿದ್ದರಂತೆ. ಇನ್ನೊಂದು ಮಗು ಬೇಕೆಂದು ಹಂಬಲಿಸುತ್ತಿದ್ದ ಬಸಲಿಂಗವ್ವ ಅವತ್ತಿನಿಂದ ಬಿಳಿ ಕೋಟು ಕಂಡರೆ ರಸ್ತೆ ದಾಟುತ್ತಿದ್ದಳು. ಮಗಳು ಮಾಡಿದ ತಕ್ಕಡಿ ಗೋಡೆಗೆ ಬಂದಾಗ ಊರಿನಲ್ಲಿ ಎಲ್ಲರಿಗಿಂತ ಮೊದಲು ಕುಂಕುಮ ಹಚ್ಚಿದವಳೂ ಅವಳೇ.

ಈಗ ಆ ಬಸಲಿಂಗವ್ವ ಕೆಮ್ಮುತ್ತಿದ್ದಳು.

ಬ್ಯಾಡಗಿಯಲ್ಲಿ ಕೆಮ್ಮುವುದು ಸುದ್ದಿಯಲ್ಲ. ಮೆಣಸಿನಕಾಯಿಯ ಹಂಗಾಮು ಶುರುವಾಯಿತೆಂದರೆ ಊರಿಗೆ ಊರೇ ಕೆಮ್ಮುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣವೇ ಹೊರತು ಖಾರವಿಲ್ಲ ಎಂದು ಹೊರಗಿನವರು ಹೇಳುತ್ತಾರೆ. ಅವರನ್ನು ಒಂದು ದಿನ ಮಾರುಕಟ್ಟೆಯ ಯಾರ್ಡಿನಲ್ಲಿ ಕಾಯಿಯ ತೊಟ್ಟು ಬಿಡಿಸಲು ಕೂರಿಸಬೇಕು. ಅದೂ ಈಗ ಆಂಧ್ರದ ಕಡೆಯ ಖಾರದ ಕಾಯಿಗಳೂ ಲಾರಿಗಟ್ಟಲೆ ಬಂದು ಬೀಳುತ್ತವೆ. ತಕ್ಕಡಿ ಬಂದ ಮೊದಲ ಹಂಗಾಮಿನಲ್ಲಿ ಪೆಟ್ಟಿಗೆಗಳು ಈ ಕೆಮ್ಮು ಕೇಳಿ ಗಾಬರಿಯಾಗಿ ಊರಿಗೆಲ್ಲ 'ಹೋಗುವುದು ಒಳ್ಳೆಯದು' ಎಂದುಬಿಟ್ಟವು. ದವಾಖಾನೆಯ ಓಣಿಯಲ್ಲಿ ಜಾತ್ರೆ ಸೇರಿತು. ಆ ಗದ್ದಲದಲ್ಲಿ ಎದೆನೋವಿನಿಂದ ಬಂದಿದ್ದ ಒಬ್ಬ ಹಮಾಲ ತನ್ನ ಸರದಿ ಬರುವ ಮೊದಲೇ ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದ. ಅವನ ಹೆಂಡತಿ ಮಂಡಳಿಯ ಬಾಗಿಲಿಗೆ ಬಂದು ನಿಂತು ಹೋಗಿದ್ದಳು. ಅದನ್ನು ನೀಲಗಂಗಾ ಮರೆತಿರಲಿಲ್ಲ. ಹಾಗಾಗಿ ಅವಳೇ ಕೂತು ಒಂದು ತಿದ್ದುಪಡಿ ಬರೆದಿದ್ದಳು. ಹಂಗಾಮಿನ ತಿಂಗಳುಗಳಲ್ಲಿ ಯಾರ್ಡಿಗೆ ಹೋಗುತ್ತೇವೆಂದು ಬರೆಸಿದವರ ಕೆಮ್ಮಿಗೆ ತೂಕ ಕಡಿಮೆ. ಕೋಣೆಯವರು ಅದನ್ನು ಘಾಟಿನ ರಿಯಾಯಿತಿ ಎಂದು ಕರೆಯುತ್ತಿದ್ದರು. ಹೊರಗಿನವರಿಗೆ ಹೊಳೆಯದ ಇಂಥ ಉಪಾಯ ಊರಿನವಳಿಗೇ ಹೊಳೆಯಬೇಕು ಎಂದು ಮುಖ್ಯಸ್ಥ ಸುಧನ್ವ ಕಟ್ಟಿ ಎಲ್ಲರೆದುರು ಹೊಗಳಿದ್ದರು.

ಅವ್ವನ ಕೆಮ್ಮಿಗೂ ಅದೇ ರಿಯಾಯಿತಿ ಸಿಕ್ಕಿತ್ತು. ದಿನಾ ಬೆಳಿಗ್ಗೆ ಹೆಬ್ಬೆರಳು ಒತ್ತುವುದು, 'ಇರುವುದು ಒಳ್ಳೆಯದು' ಎನ್ನಿಸಿಕೊಳ್ಳುವುದು, ಬುತ್ತಿ ಕಟ್ಟಿಕೊಂಡು ತೊಟ್ಟು ಬಿಡಿಸುವ ಕೂಲಿಗೆಂದು ಯಾರ್ಡಿಗೆ ನಡೆಯುವುದು. ಮಗಳು ಸಂಬಳ ತರುವಾಗ ಈ ಕೂಲಿ ಯಾಕೆಂದರೆ ಕೂತು ಉಣ್ಣುವುದು ತನಗಾಗದು ಎನ್ನುತ್ತಿದ್ದಳು.

ನೀಲಗಂಗಾಗೆ ಮಾತ್ರ ಸಮಾಧಾನವಿರಲಿಲ್ಲ. ಗೋಡೆಯಾಚೆಯಿಂದ ಕೆಮ್ಮು ಕೇಳಿಸಿದರೆ ಕೈಯಲ್ಲಿದ್ದ ತುತ್ತು ಅಲ್ಲೇ ನಿಲ್ಲುತ್ತಿತ್ತು. ಇದು ಘಾಟಿನದೇ ಎಂದು ತನಗೆ ತಾನೇ ಹೇಳಿಕೊಳ್ಳುವಳು, ಬಸ್ಸು ಹತ್ತುವಳು, ಮೋಟೆಬೆನ್ನೂರು ದಾಟುವಷ್ಟರಲ್ಲಿ ಮತ್ತೆ ಅದೇ ಯೋಚನೆ. ಕೋಣೆಯ ದೊಡ್ಡ ಪರದೆಯ ಮೇಲೆ ಬ್ಯಾಡಗಿಯ ಪ್ರತಿ ಮನೆಯೂ ಒಂದು ಚುಕ್ಕೆ. ಕೆಲಸದವರು ತಮ್ಮ ಮನೆಯವರ ತೂಕವನ್ನು ನೋಡಬಾರದು, ಮುಟ್ಟಬಾರದು ಎಂಬ ನಿಯಮವಿದ್ದದ್ದರಿಂದ ಅವಳ ಮನೆಯ ಚುಕ್ಕೆ ಅವಳಿಗೆ ಬೂದು ಬಣ್ಣದಲ್ಲಿ ಮಾತ್ರ ಕಾಣುತ್ತಿತ್ತು. ನಿಯಮ ಮಾಡಿದವರಲ್ಲಿ ಅವಳೂ ಇದ್ದಳು. ಈಗ ಆ ಬೂದು ಚುಕ್ಕೆಯನ್ನು ದಿಟ್ಟಿಸಿ ಕೂರುವುದೇ ಕೆಲಸವಾಯಿತು.

ಒಂದು ದಿನ ಕಟ್ಟಿಯವರ ಹತ್ತಿರ ರಿಯಾಯಿತಿಯನ್ನು ಸ್ವಲ್ಪ ಇಳಿಸೋಣವೇ ಎಂದು ಕೇಳಿದಳು. ಅವರು ಕೆಟ್ಟವರಲ್ಲ, ಲೆಕ್ಕದ ಮನುಷ್ಯ. ಇಳಿಸಿದರೆ ಎಷ್ಟು ಜನ ಬೇಡದೆ ದವಾಖಾನೆಗೆ ಹೋಗುತ್ತಾರೆ, ಅವರಲ್ಲಿ ಎಷ್ಟು ಜನರಿಗೆ ಬೇಡದ ಸೂಜಿ ಚುಚ್ಚುತ್ತದೆ ಎಂಬುದನ್ನೆಲ್ಲ ತೋರಿಸಿದರು. ಕೊನೆಗೆ ಮೆಲ್ಲಗೆ, ನಿಮ್ಮ ತಾಯಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದೆಂದೇ ಅಲ್ಲವೇ ನೀವು ಇಲ್ಲಿಗೆ ಬಂದದ್ದು ಎಂದರು.

ಅವತ್ತು ತಲೆ ಸಿಡಿಯುತ್ತಿದೆ ಎಂದು ಬೇಗ ಮನೆಗೆ ಬಂದು ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದಳು. ಇಳಿಹೊತ್ತಿಗೆ ಬಸಲಿಂಗವ್ವ ಬಂದಳು. ಬುತ್ತಿಯ ಡಬ್ಬಿ ಕೆಳಗಿಟ್ಟು, ಮಗಳ ತಲೆಯ ಹತ್ತಿರ ಕೂತು, ಹಣೆ ಒತ್ತತೊಡಗಿದಳು. ಹಣೆಯಿಂದ ಬೆರಳುಗಳು ಕಣ್ಣರೆಪ್ಪೆಯ ಮೇಲೆ ಇಳಿದವು, ಕೆನ್ನೆಯ ಮೇಲೆ ಜಾರಿದವು. ನೀಲಗಂಗಾಗೆ ಹಾಯೆನಿಸಿತು. ಎಷ್ಟೋ ವರ್ಷದ ಮೇಲೆ ಸಿಕ್ಕ ಸುಖ ಅದು. ನಿದ್ದೆಯ ಜೊಂಪು ಹತ್ತುತ್ತಿದ್ದಂತೆ, ಇನ್ನು ಉರಿ ಶುರುವಾಗುತ್ತದೆ ಎಂದು ಮುಖದ ಚರ್ಮ ತಾನಾಗಿ ಬಿಗಿಯಿತು.

ಉರಿ ಬರಲಿಲ್ಲ.

ಮೆಣಸಿನಕಾಯಿ ಬಿಡಿಸುವವರ ಮಕ್ಕಳಿಗೆ ಗೊತ್ತಿರುವ ಸಂಗತಿ ಇದು. ಹಂಗಾಮಿನಲ್ಲಿ ಅವ್ವ ಮುಟ್ಟುವುದಿಲ್ಲ. ಎಣ್ಣೆ ಹಚ್ಚಿದರೂ ಮಜ್ಜಿಗೆಯಲ್ಲಿ ಅದ್ದಿದರೂ ಸೋಪಿನಿಂದ ಉಜ್ಜಿದರೂ ಖಾರ ಉಗುರಿನ ಸಂದಿಯಲ್ಲಿ ಉಳಿದೇ ಇರುತ್ತದೆ. ನೀಲಗಂಗಾ ಚಿಕ್ಕವಳಿದ್ದಾಗ ಹಂಗಾಮಿನುದ್ದಕ್ಕೂ ಅವಳಿಗೆ ಜಡೆ ಹೆಣೆದದ್ದು, ಮುಖ ತೊಳೆದದ್ದು ಹಿಂದಿನ ಓಣಿಯ ಹಸೀನಾಬಿಯ ಅತ್ತೆ. ಅವ್ವ ಚಮಚದಲ್ಲಿ ಉಣಿಸುತ್ತಿದ್ದಳು. ಅತ್ತರೆ ಸೆರಗಿನಿಂದ ಕಣ್ಣೊರೆಸುತ್ತಿದ್ದಳೇ ಹೊರತು ಕೈಯಿಂದಲ್ಲ. ಅಂಥ ಅವ್ವ ಹಂಗಾಮಿನ ನಡುಮಧ್ಯೆ ರೆಪ್ಪೆಯ ಮೇಲೆ ಬೆರಳಾಡಿಸುತ್ತಿದ್ದಾಳೆ.

ನೀಲಗಂಗಾ ದಿಗ್ಗನೆ ಎದ್ದು ಕೂತಳು. ಅವ್ವನ ಕೈ ಹಿಡಿದು, ತೋರುಬೆರಳನ್ನು ಮೂಸಿ, ಮಗುವಿನಂತೆ ಬಾಯಲ್ಲಿಟ್ಟುಕೊಂಡಳು. ಸೋಪಿನ ಚೊಗರು ಬಿಟ್ಟರೆ ಏನೂ ಇರಲಿಲ್ಲ.

"ಅವ್ವಾ, ಯಾರ್ಡಿಗೆ ಹೋಗೂದು ಯಾವಾಗ ಬಿಟ್ಟಿ?"

ಬಸಲಿಂಗವ್ವ ಕೈ ಹಿಂದಕ್ಕೆಳೆದುಕೊಂಡಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಮುಖ. ಮೊದಲು ಇಲ್ಲವೆಂದಳು, ಆಮೇಲೆ ಸಿಟ್ಟಾದಳು, ಕೊನೆಗೆ ಒಂದೊಂದೇ ಬಾಯಿಬಿಟ್ಟಳು. ಹಂಗಾಮು ಶುರುವಾದಾಗಲೇ ಕೂತಲ್ಲಿ ದಮ್ಮು ಹತ್ತುತ್ತಿತ್ತಂತೆ. ಬುತ್ತಿ ಕಟ್ಟಿಕೊಂಡು ಹೊರಟು, ಹಸೀನಾಬಿಯ ಮನೆಯ ಕಟ್ಟೆಯ ಮೇಲೆ ಹಗಲೆಲ್ಲ ಕೂತು, ಅಲ್ಲೇ ಉಂಡು, ಯಾರ್ಡಿನವರು ಮನೆಗೆ ಮರಳುವ ಹೊತ್ತಿಗೆ ತಾನೂ ಎದ್ದು ಬರುತ್ತಿದ್ದಳು. ಮನೆಯಲ್ಲಿ ಉಳಿದರೆ ಮಗಳು ಕೇಳುತ್ತಾಳೆ, ಕೇಳಿದರೆ ದವಾಖಾನೆಗೆ ಎಳೆಯುತ್ತಾಳೆ ಎಂಬ ಹೆದರಿಕೆ.

ಅಂದರೆ ಇದು ಘಾಟಿನ ಕೆಮ್ಮಲ್ಲ. ಬೇರೆ ಯಾವುದೋ ಕೆಮ್ಮಿಗೆ ತಾನು ಕೈಯಾರೆ ರಿಯಾಯಿತಿ ಕೊಟ್ಟು ಕೂರಿಸಿದ್ದೇನೆ ಎಂಬುದು ನೀಲಗಂಗಾಗೆ ಅರ್ಥವಾಯಿತು. ನಾಳೆಯೇ ಡಾಕ್ಟರ ಹತ್ತಿರ ಹೋಗೋಣವೆಂದಳು. ಬಸಲಿಂಗವ್ವ ಗೋಡೆಯ ಕಡೆಗೆ ಗದ್ದ ಎತ್ತಿ ತೋರಿಸಿದಳು.

"ಅದು ಬ್ಯಾಡ ಅಂದೈತಿ. ನೀ ಮಾಡಿದ್ದಽ ಅಲ್ಲೇನು ಅದು?"

"ಅದಕ್ಕ ಸುಳ್ಳು ತಿಳದೈತಿ ಅವ್ವಾ. ನೀ ಯಾರ್ಡಿಗೆ ಹೋಗ್ತಿ ಅಂತ ನಂಬೈತಿ."

"ಹಂಗಾದ್ರ ಅದಕ್ಕ ಖರೆ ತಿಳಸು. ಅದು ಹೋಗು ಅಂದ್ರ ಹೋಗ್ತೀನಿ. ನೀ ಅಂದ್ರ ಹೋಗಂಗಿಲ್ಲ. ನಿನಗ ನನ್ನ ಮ್ಯಾಲೆ ಜೀವ ಐತಿ, ಅದಕ್ಕ ನಿನ್ನ ಮಾತು ನಂಬಾಕ ಬರಂಗಿಲ್ಲ. ಅವತ್ತು ಹೆಬ್ಬೆಟ್ಟು ಒತ್ತಿದ ನಿಮ್ಮಪ್ಪಗೂ ನನ್ನ ಮ್ಯಾಲೆ ಜೀವ ಇತ್ತು."

ಅವ್ವ ಹಟ ಹಿಡಿದರೆ ಎತ್ತಿನ ಗಾಡಿ ಕಟ್ಟಿ ಎಳೆದರೂ ಜಗ್ಗುವವಳಲ್ಲ. ಅವ್ವನನ್ನು ಉಳಿಸಿಕೊಳ್ಳಲು ಅವಳಿಗೆ ಉಳಿದ ದಾರಿ ಒಂದೇ, ತಕ್ಕಡಿಯ ಬಾಯಿಂದಲೇ ಆ ಮಾತು ಬರಿಸುವುದು. ಅವ್ವನ ಚುಕ್ಕೆಯನ್ನು ಅವಳು ಮುಟ್ಟುವಂತಿಲ್ಲ. ಮುಟ್ಟಿದರೆ ಇಡೀ ಊರಿನ ಲೆಕ್ಕವನ್ನೇ ಮುಟ್ಟಬೇಕು.

ಮರುದಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಯೋಚಿಸಿದಳು. ರಿಯಾಯಿತಿ ತೆಗೆದರೆ ಮತ್ತೆ ಆ ಬೆಂಚು, ಆ ಹಮಾಲನ ಹೆಂಡತಿ. ಯಾರ್ಡಿಗೆ ಹೋಗಿದ್ದಿರಾ ಎಂದು ಪೆಟ್ಟಿಗೆಯಿಂದಲೇ ಕೇಳಿಸೋಣವೆಂದರೆ, ಮಗಳಿಗೇ ಸುಳ್ಳು ಹೇಳಿದವಳು ಪೆಟ್ಟಿಗೆಗೆ ಹೇಳಳೇ? ಕೇಳದೆ ತಿಳಿಯಬೇಕು. ತನಗೆ ತಿಳಿದದ್ದು ಹೇಗೆ? ಅವ್ವನ ಬೆರಳು ಮುಟ್ಟಿದ್ದರಿಂದ. ಹಾಗೆ ಯೋಚಿಸುತ್ತಿದ್ದವಳು ನೆಟ್ಟಗೆ ಕೂತಳು. ಪೆಟ್ಟಿಗೆಯೂ ದಿನಾ ಬೆಳಿಗ್ಗೆ ಅವ್ವನ ಬೆರಳನ್ನು ಮುಟ್ಟುತ್ತದಲ್ಲ.

ಆ ಗಾಜಿನ ಬಿಲ್ಲೆಯದೊಂದು ರಗಳೆ ಮೊದಲಿನಿಂದಲೂ ಇತ್ತು. ಬ್ಯಾಡಗಿಯ ಹೆಬ್ಬೆರಳುಗಳಿಂದ ಅದರ ಮೇಲೆ ಒಂದು ಕೆಂಪು ಜಿಡ್ಡು ಕೂತು, ಬೆಳಕು ಮಂಕಾಗಿ, ನಾಡಿಯ ಗೆರೆ ಕಲಸಿಹೋಗುತ್ತಿತ್ತು. ಅದನ್ನು ಕೊಳೆ ಎಂದು ಗುರುತಿಸಿ ಲೆಕ್ಕದಿಂದ ಒರೆಸಿಹಾಕುವ ಏರ್ಪಾಟು ಮಾಡಿದ್ದರು. ಒರೆಸಿದ್ದು ಎಲ್ಲಿ ಹೋಗುತ್ತದೆಂದು ಯಾರೂ ಕೇಳಿರಲಿಲ್ಲ. ನಿಯಂತ್ರಣ ಕೋಣೆಗೆ ಬಂದವಳೇ ನೀಲಗಂಗಾ ಒರೆಸಿದ್ದೆಲ್ಲ ಸೇರಿದ್ದ ಕಂಪ್ಯೂಟರಿನ ಕಸದ ಬುಟ್ಟಿ ತೆರೆದಳು. ಮೆಣಸಿನಕಾಯಿಯ ಬಣ್ಣ ಬೆಳಕನ್ನು ಹೀರುವ ರೀತಿಯೇ ಬೇರೆ, ಅದಕ್ಕೆ ತನ್ನದೇ ಗುರುತುಂಟು. ಹಂಗಾಮಿನ ಬೆಳಗುಗಳನ್ನೆಲ್ಲ ಆ ಗುರುತಿನ ಮೇಲೆ ಹಾಯಿಸಿದಳು. ಯಾರ ಹೆಬ್ಬೆರಳು ಯಾರ್ಡಿಗೆ ಹೋಗಿದೆ, ಯಾರದು ಹೋಗಿಲ್ಲ ಎಂಬುದು ಪರದೆಯ ಮೇಲೆ ಮೂಡಿತು. ಕೆಮ್ಮುವವರಲ್ಲಿ ಬಹಳ ಜನ ಕೆಂಪು ಹೆಬ್ಬೆರಳಿನವರೇ. ಆದರೆ ಅಲ್ಲಲ್ಲಿ ಕೆಲವರು ಕೆಮ್ಮುತ್ತಲೂ ಇದ್ದರು, ಅವರ ಹೆಬ್ಬೆರಳು ಚೊಕ್ಕಟವಾಗಿಯೂ ಇತ್ತು. ಅವಳ ಮನೆಯ ಚುಕ್ಕೆ ಬೂದಾಗಿಯೇ ಉಳಿದಿತ್ತು.

ಕಟ್ಟಿಯವರನ್ನು ಕರೆದು ತೋರಿಸಿದಳು. ರಿಯಾಯಿತಿ ಇರಲಿ, ಆದರೆ ಕೈಗೆ ಕೆಂಪು ಹತ್ತಿದವರಿಗೆ ಮಾತ್ರ ಸಿಗಲಿ ಎಂದಳು. ಅವರು ಪರದೆಯನ್ನು ಬಹಳ ಹೊತ್ತು ನೋಡಿ, ಇದರಲ್ಲಿ ನಿಮ್ಮ ತಾಯಿಯೂ ಇದ್ದಾರೆಯೇ ಎಂದು ಕೇಳಿದರು.

"ನನಗ ಕಾಣಂಗಿಲ್ಲ ಸರ್," ಅಂದಳು ನೀಲಗಂಗಾ. "ಆದರ ಇದ್ದಾಳ. ಇಲ್ಲದಿದ್ದರ ನಾ ಈ ಕಸ ಕೆದಕತಿರಲಿಲ್ಲ. ನಿಮ್ಮ ಮುಂದ ಸುಳ್ಳು ಯಾಕ ಹೇಳಲಿ?"

ಕಟ್ಟಿಯವರು ಕುರ್ಚಿಯಲ್ಲಿ ಕೂತರು. ಒಬ್ಬ ತಾಯಿಗಾಗಿ ಊರಿನ ಲೆಕ್ಕ ತಿದ್ದುವುದು ತಪ್ಪು ಎಂದು ಹೇಳಲು ಬಾಯಿ ತೆರೆದವರು, ಪರದೆಯ ಮೇಲಿನ ಉಳಿದ ಚೊಕ್ಕಟ ಹೆಬ್ಬೆರಳುಗಳನ್ನು ಎಣಿಸತೊಡಗಿದರು. ದವಾಖಾನೆ ತಾಳಿಕೊಳ್ಳುವಷ್ಟೇ ಜನ ಅವರು. ನಾಳೆಯಿಂದ ಹಾಕಿ ನೋಡೋಣ ಎಂದು ಎದ್ದು ಹೋದರು. ಅವರ ಚಹಾ ಅಲ್ಲೇ ಆರಿತು.

ಬೆಳಗಾಯಿತು. ಬಸಲಿಂಗವ್ವ ಸ್ನಾನ ಮಾಡಿ, ಬುತ್ತಿ ಕಟ್ಟದೆ, ಪೆಟ್ಟಿಗೆಯ ಮುಂದೆ ನಿಂತು ಹೆಬ್ಬೆರಳು ಒತ್ತಿದಳು. ನೀಲಗಂಗಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. 'ಹೋಗು' ಎನ್ನಲಿ ಎಂದು ಮನಸ್ಸು ಬೇಡುತ್ತಿತ್ತು, ಹಾಗೆ ಅಂದರೆ ಏನರ್ಥವೆಂಬುದೂ ಅವಳಿಗೆ ಗೊತ್ತಿತ್ತು. ತಟ್ಟೆಗಳು ತೂಗಿದವು.

'ಹೋಗುವುದು ಒಳ್ಳೆಯದು' ಎಂದಿತು ತಕ್ಕಡಿ.

ಬಸಲಿಂಗವ್ವ ನಂಬಿಸಿ ಮೋಸ ಮಾಡಿದವರನ್ನು ನೋಡುವಂತೆ ಪೆಟ್ಟಿಗೆಯನ್ನು ನೋಡಿದಳು. ಆದರೆ ಕೊಟ್ಟ ಮಾತು ಕೊಟ್ಟದ್ದೇ. ಒಳ್ಳೆಯ ಸೀರೆ ಉಟ್ಟು ಹೊರಟಳು.

ದವಾಖಾನೆಯ ಬೆಂಚಿನ ಮೇಲೆ ಮೊದಲೇ ಬಂದು ಕೂತವಳು ಹಸೀನಾಬಿ. ಅವಳೂ ಮನೆಯವರ ಕಣ್ಣಿಗೆ ಯಾರ್ಡಿಗೆ ಹೋಗುತ್ತಿದ್ದವಳೇ, ಬಸಲಿಂಗವ್ವ ಅವಳ ಕಟ್ಟೆಯ ಮೇಲೆ ಕೂತಿದ್ದಾಗ ಅವಳು ಇನ್ನಾರದೋ ಕಟ್ಟೆಯ ಮೇಲಿದ್ದಳು. ಇನ್ನೂ ನಾಲ್ಕಾರು ಹೆಂಗಸರು, ಒಬ್ಬ ಮುದುಕ ಹಮಾಲ. ಎಲ್ಲರ ಕೈಯೂ ಚೊಕ್ಕಟ. ಕೆಲಸಕ್ಕೆ ಹೋಗಲಾರದೆ, ಆ ಮಾತನ್ನು ಮನೆಯಲ್ಲಿ ಹೇಳಲೂ ಆಗದೆ, ಒಬ್ಬೊಬ್ಬರು ಒಂದೊಂದು ಕಟ್ಟೆ ಹುಡುಕಿಕೊಂಡಿದ್ದವರು. ಒಬ್ಬರ ಮುಖ ಒಬ್ಬರು ನೋಡಿ ಮೊದಲು ನಾಚಿದರು, ಆಮೇಲೆ ನಕ್ಕರು, ನಕ್ಕದ್ದಕ್ಕೆ ಎಲ್ಲರಿಗೂ ಕೆಮ್ಮು ಬಂತು.

ಡಾಕ್ಟರ್ ಫಕ್ಕೀರೇಶ ಹಾದಿಮನಿ ಇನ್ನೂ ಹರೆಯದವನು. ಬೆನ್ನಿಗೆ ಕಿವಿಗೊಟ್ಟು, ಚಿತ್ರ ತೆಗೆಸಿ, ಹುಬ್ಬಳ್ಳಿಗೆ ಕಳಿಸಿ ಇನ್ನೊಂದು ಪರೀಕ್ಷೆ ಮಾಡಿಸಿದ. ಹಸೀನಾಬಿಗೆ ಔಷಧಿಗೆ ಬಗ್ಗುವ ಕ್ಷಯವೆಂದು ತಿಳಿಯಿತು. ಮೂವರಿಗೆ ಏನೂ ಇರಲಿಲ್ಲ, ಬರಿದೇ ಓಡಾಡಿ ಸುಸ್ತಾದರು, ಅವರಲ್ಲೊಬ್ಬಳು ಪೆಟ್ಟಿಗೆ ಮಾಡಿದವರಿಗೆ ಬಾಯಿತುಂಬ ಬೈದಳು. ನೀಲಗಂಗಾ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಬಸಲಿಂಗವ್ವನ ಬಲಗಡೆಯ ಪುಪ್ಪುಸದಲ್ಲಿ ಮಾತ್ರ ಒಂದು ಗಡ್ಡೆ ಇತ್ತು. ಇನ್ನೂ ಹರಡಿಲ್ಲ ಎಂದ ಡಾಕ್ಟರ್. ಆದರೆ ಅಷ್ಟು ಭಾಗವನ್ನು ಕೊಯ್ದು ತೆಗೆಯಬೇಕು.

ಕೊಯ್ಯುವ ಮಾತು ಬಂದದ್ದೇ ಬಸಲಿಂಗವ್ವ ಸೆರಗನ್ನು ಹೊಟ್ಟೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಳು. ಅಷ್ಟು ವರ್ಷದ ಹಿಂದಿನ ಗಾಯವನ್ನು ಮುಚ್ಚಿಕೊಳ್ಳುವಂತೆ.

"ತಕ್ಕಡಿ ಏನಂತೈತಿ?" ಎಂದು ಮಗಳನ್ನು ಕೇಳಿದಳು.

ನೀಲಗಂಗಾ ಕೇಳಿಯಾಗಿತ್ತು. ಇಂಥ ವಯಸ್ಸು, ಇಂಥ ಎದೆ, ಇಂಥ ಗಡ್ಡೆ ಎಂದು ಎಲ್ಲ ಹಾಕಿ ತೂಗಿದರೆ ತಟ್ಟೆಗಳೆರಡೂ ಸಮವಾಗಿ ನಿಂತಿದ್ದವು. ಮಾಡಿಸಿಕೊಂಡವರಲ್ಲಿ ಬದುಕಿದವರೂ ಇದ್ದರು, ಮೇಜಿನ ಮೇಲೇ ಹೋದವರೂ ಇದ್ದರು.

"ಅದು ಏನೂ ಅನ್ನಂಗಿಲ್ಲ ಅವ್ವಾ. ಎರಡೂ ಸಮ ಐತಿ. ನಾ ಮಾಡಿದ್ದು ಅಷ್ಟರ ತನಕಾನಽ ಬರತೈತಿ."

ಬಸಲಿಂಗವ್ವ ಡಾಕ್ಟರನ ಕಡೆ ತಿರುಗಿದಳು. ಅವನು ಅವಸರಿಸಲಿಲ್ಲ. ನಿಮಗೆ ಬೇಕೆನಿಸಿದರೆ ಮಾತ್ರ, ನೀವೇ ಹೇಳಬೇಕು ಎಂದ. ಬಸಲಿಂಗವ್ವ ಅವನ ಮುಖವನ್ನು, ಅವನ ಬಿಳಿ ಕೋಟನ್ನು ಹೊಸದಾಗಿ ಕಂಡವಳಂತೆ ನೋಡಿದಳು.

"ಅವತ್ತು ನನ್ನ ಯಾರೂ ಕೇಳಿರಲಿಲ್ಲಪಾ," ಎಂದಳು. "ಒಂದು ಮಾತು ಕೇಳ್ತೀನಿ. ತಗದಿದ್ದನ್ನ ನನಗ ತೋರಸ್ತೀಯೇನು?"

ಡಾಕ್ಟರನಿಗೆ ಅರ್ಥವಾಗಲಿಲ್ಲ. ನೀಲಗಂಗಾಗೆ ಅರ್ಥವಾಯಿತು, ಅವಳು ಮುಖ ಆ ಕಡೆ ತಿರುಗಿಸಿದಳು. ಆದರೂ ಡಾಕ್ಟರ್, ಖಂಡಿತ ತೋರಿಸುತ್ತೇನೆ ಎಂದ.

"ಹಂಗಾದ್ರ ಬರ್ತೀನಿ."

ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ಹೊರಗೆ ಕಾದದ್ದನ್ನು ಹೇಳಿ ಪ್ರಯೋಜನವಿಲ್ಲ, ಕಾದವರಿಗೆಲ್ಲ ಗೊತ್ತಿರುವುದೇ. ಬಸಲಿಂಗವ್ವ ಬದುಕಿ ಹೊರಬಂದಳು. ಎಚ್ಚರ ತಿಳಿಯಾದ ಮೇಲೆ ಅವಳು ನೀರು ಕೇಳಲಿಲ್ಲ, ಮಗಳನ್ನೂ ಕೇಳಲಿಲ್ಲ, ಡಾಕ್ಟರನ್ನು ಕರೆಯಿರಿ ಎಂದಳು. ಫಕ್ಕೀರೇಶ ಮಾತಿಗೆ ತಪ್ಪದೆ ಬ್ಯಾಡಗಿಯಿಂದ ಬಂದು, ಅಲ್ಲಿಯವರ ಅನುಮತಿ ಪಡೆದು, ಗಾಜಿನ ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಒಳಗೆ ನೀರಿನಲ್ಲಿ ತೇಲುವ ಬೂದುಬಣ್ಣದ ತುಂಡು, ಅದರ ನಡುವೆ ಅಡಿಕೆಯಷ್ಟು ಗಟ್ಟಿ ಬಿಳಿ ಗಂಟು. ಯಾವುದು ಒಳ್ಳೆಯ ಭಾಗ, ಯಾವುದು ಕೆಟ್ಟದ್ದು ಎಂದು ಬೆರಳಿಟ್ಟು ತೋರಿಸಿದ.

ಬಸಲಿಂಗವ್ವ ಬಹಳ ಹೊತ್ತು ನೋಡಿದಳು. ಭರಣಿಯನ್ನು ಬೆಳಕಿಗೆ ಹಿಡಿಸಿ ಇನ್ನೊಂದು ಬದಿಯಿಂದಲೂ ನೋಡಿದಳು.

"ಹೌದು, ಇದು ಕೆಟ್ಟಿತ್ತು," ಎಂದಳು.

ಆಮೇಲೆ ಮಗಳ ಕೈಯನ್ನು ಹುಡುಕಿ ಹಿಡಿದು, ತನ್ನ ಹೊಟ್ಟೆಯ ಹಳೆಯ ಗಾಯದ ಮೇಲೆ ಇಟ್ಟುಕೊಂಡಳು. "ಅದನ್ನ ತೋರಿಸಲಿಲ್ಲ ನೋಡು ನೀಲಾ. ಅದು ಕೆಟ್ಟಿರಲಿಲ್ಲ," ಎಂದು, ಇಷ್ಟು ವರ್ಷ ಯಾರೆದುರೂ ಅಳದವಳು ಬಾಯಿಬಿಟ್ಟು ಅತ್ತಳು. ನೀಲಗಂಗಾ ಬರಿಗೈಯಿಂದ ಅವಳ ಕಣ್ಣೊರೆಸಿದಳು.